ನಾಮಕರಣಕ್ಕೆ ಮೊದಲೇ ವಿಷ

ಟ್ರೌಟ್ ಮೀನಿನ ಮೈಮೇಲೆ ಗಾಯ ಕಂಡಿತು. ಅಷ್ಟೇ ನೆಪ ಸಾಕಾಯಿತು. 1958ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಅಧಿಕಾರಿಗಳು ಮಿಲ್ಲರ್ ಸರೋವರಕ್ಕೆ ಟಾಕ್ಸಾಫೀನ್ ಸುರಿದರು. ಹತ್ತಿ ಹೊಲದ ಹುಳಕ್ಕೆ ಹೊಡೆಯುತ್ತಿದ್ದ ವಿಷ ಅದು. ಸಾಯಬೇಕಿದ್ದದ್ದು ಆ ಗಾಯ ಮಾಡುತ್ತಿದ್ದ ಅಲ್ಲಿನ ಲ್ಯಾಂಪ್ರೆ ಎಂಬ ಮೀನು. ಜೊತೆಗೆ ಅದೇ ನೀರಿನ ಚಬ್ ಮೀನೂ ಸತ್ತರೆ ಯಾರಿಗೇನು? ಮೋಜಿಗೆ ಗಾಳ ಹಾಕುವವರಿಗೆ ಟ್ರೌಟ್ ಸಿಕ್ಕರೆ ಸಾಕಲ್ಲ!

ಆ ಟ್ರೌಟ್ ಹೊರಗಿನಿಂದ ತಂದು ಬಿಟ್ಟದ್ದು. ಲ್ಯಾಂಪ್ರೆ ಅಲ್ಲಿಯದೇ.

ಅದರ ಬದುಕನ್ನಾದರೂ ಒಮ್ಮೆ ನೋಡಿದ್ದರೆ! ದವಡೆಯಿಲ್ಲ, ಮೈಯಲ್ಲಿ ಒಂದು ಎಲುಬಿಲ್ಲ, ಕಿವಿರಿಗೆ ಪಕ್ಕಕ್ಕೆ ಏಳೇಳು ತೂತು. ಮರಿಗಳಿಗೆ ಕಣ್ಣು ಕಾಣದು, ಹಲ್ಲೂ ಇಲ್ಲ. ಮೆತ್ತನೆಯ ಹೂಳಿನಲ್ಲಿ ವರ್ಷಗಟ್ಟಲೆ ಹುದುಗಿದ್ದು, ನೀರು ಸೋಸಿ, ಪಾಚಿ ಮತ್ತು ಕೊಳೆತ ಚೂರು ತಿಂದುಕೊಂಡಿರುತ್ತವೆ. ಯಾರ ತಂಟೆಗೂ ಹೋಗುವುದಿಲ್ಲ. ಆಮೇಲೆ ರೂಪ ಬದಲಾಗುತ್ತದೆ: ಕಣ್ಣು ತೆರೆಯುತ್ತದೆ, ಬಾಯಿ ದುಂಡಗಾಗಿ ಹಲ್ಲು ಮೂಡುತ್ತದೆ. ಮೀನಿನ ಮೈಗೆ ಅಂಟಿಕೊಂಡು ಮಾಂಸ ಕೆರೆದು ತಿನ್ನುವುದು ಆಗ ಮಾತ್ರ, ಅದೂ ಕೆಲಕಾಲ. ಮೊಟ್ಟೆಯಿಟ್ಟ ಮೇಲೆ ಸಾವು. ಬೆಳೆದದ್ದರ ಉದ್ದ 3ರಿಂದ 6 ಅಂಗುಲ. ಪರಾವಲಂಬಿ ಲ್ಯಾಂಪ್ರೆಗಳಲ್ಲಿ ಜಗತ್ತಿಗೇ ಚಿಕ್ಕದು. ಇದು ಇಡೀ ಸರೋವರಕ್ಕೆ ವಿಷ ಹಾಕಿಸಿದ ರಾಕ್ಷಸ!

ಬೇರೆ ದಾರಿ ಇರಲಿಲ್ಲ ಎನ್ನಬೇಡಿ. ಅದೇ 1958ರಲ್ಲಿ, ಅದೇ ದೇಶದ ಮಹಾಸರೋವರಗಳ ಕಡೆ, ಅಟ್ಲಾಂಟಿಕ್‌ನಿಂದ ನುಗ್ಗಿದ ಸಮುದ್ರ ಲ್ಯಾಂಪ್ರೆಯ ವಿರುದ್ಧ ಹೊಸ ರಾಸಾಯನಿಕವೊಂದು ಬಳಕೆಗೆ ಬಂತು. ಲ್ಯಾಂಪ್ರೆ ಮರಿ ಸಾಯಬೇಕು, ಉಳಿದ ಮೀನು ಆದಷ್ಟೂ ಬದುಕಬೇಕು ಎಂದು ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿ ಆರಿಸಿದ್ದು. ಅತಿಕ್ರಮಣ ಮಾಡಿದವನಿಗೆ ಅಷ್ಟು ಎಚ್ಚರ, ಮನೆಯವನಿಗೆ ಹತ್ತಿಯ ವಿಷ.

ವಿಷ ಸುರಿಯುವಾಗ ಮಿಲ್ಲರ್ ಸರೋವರದ ಲ್ಯಾಂಪ್ರೆ ಪ್ರತ್ಯೇಕ ಪ್ರಭೇದ ಎಂಬುದೂ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೊಲ್ಲಲು ಪರವಾನಗಿ ಕೊಟ್ಟವರು ಯಾರು? 1973ರಲ್ಲಿ ಬಾಂಡ್ ಮತ್ತು ಕಾನ್ ಎಂಬ ವಿಜ್ಞಾನಿಗಳು ಅದಕ್ಕೆ ಶಾಸ್ತ್ರೀಯ ಹೆಸರಿಟ್ಟರು. ಆ ಹೊತ್ತಿಗೆ ಅದು ನಿರ್ನಾಮವಾಯಿತೆಂದೇ ಎಲ್ಲರೂ ನಂಬಿದ್ದರು. ನಾಮಕರಣ, ತಿಥಿ ಎರಡೂ ಒಟ್ಟಿಗೆ.

ಕೊಂದದ್ದು ಸಾಲದೆಂದು ಮಿಲ್ಲರ್ ತೊರೆಗೆ ತಡೆಗೋಡೆಯನ್ನೂ ಕಟ್ಟಿದ್ದರು, ಎಲ್ಲಿಯಾದರೂ ಒಂದು ಉಳಿದಿದ್ದರೆ ಸರೋವರಕ್ಕೆ ಮರಳಕೂಡದೆಂದು. ಉಳಿದಿತ್ತು. 1992ರಲ್ಲಿ ವಿಲಿಯಮ್‌ಸನ್ ನದಿಯ ಮೇಲ್ಭಾಗದಲ್ಲಿ ಸಿಕ್ಕಿತು. 2005ರಲ್ಲಿ ತಡೆಗೋಡೆ ತೆಗೆದರು, 2010ರಲ್ಲಿ ಲ್ಯಾಂಪ್ರೆಗಳನ್ನು ಸರೋವರಕ್ಕೆ ಮತ್ತೆ ಬಿಡತೊಡಗಿದರು. ಒಳ್ಳೆಯ ಕೆಲಸವೇ. ಆದರೆ ಇದನ್ನು ಸಂರಕ್ಷಣೆಯ ವಿಜಯವೆಂದು ಕರೆದು ನನ್ನಿಂದ ಚಪ್ಪಾಳೆ ಕೇಳಬೇಡಿ. ಆ ಜೀವ ಉಳಿದದ್ದು ಯಾವ ಇಲಾಖೆಯ ಕೃಪೆಯಿಂದಲೂ ಅಲ್ಲ. ಇಲಾಖೆಯ ವಿಷ ತಲುಪದ ತೊರೆಗಳಿದ್ದವು, ಅದಕ್ಕೆ.