ಹಲ್ಲಿನ ಸೆಟ್ಟೂ ಇ-ಸಿಗರೇಟೂ



ಜತ್ತ ಕಡೆಯ ಹಿರಿಯರೊಬ್ಬರು ಕಳೆದ ಸುಗ್ಗಿಯ ದುಡ್ಡಿನಲ್ಲಿ ಮಿರಜಕ್ಕೆ ಬಂದು ಎರಡೂ ದವಡೆಗೆ ಹಲ್ಲಿನ ಸೆಟ್ ಹಾಕಿಸಿಕೊಂಡರು. ನಲವತ್ತು ವರ್ಷ ಬೀಡಿ ಸೇದಿದವರು. ಪುಣೆಯಲ್ಲಿ ಕೆಲಸಕ್ಕಿರುವ ಮೊಮ್ಮಗ, "ಅಜ್ಜಾ, ಬೀಡಿ ಸೇದಿದ್ರ ಸೆಟ್ ಕಪ್ಪಾಗ್ತದ. ಇದನ್ನ ಎಳಿ, ಇದರಾಗ ಹೊಗಿ ಇಲ್ಲ, ಬರೀ ಹಬಿ" ಎಂದು ಇ-ಸಿಗರೇಟು ತಂದುಕೊಟ್ಟನಂತೆ. "ಇದರಿಂದ ಸೆಟ್ ಕೆಡ್ತದೇನ್ರಿ?" ಎಂದು ಅಜ್ಜಾರು ನನ್ನನ್ನು ಕೇಳಿದರು.

ಸೆಟ್ ಮಾಡುವುದು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನಿಂದ. ಹಬೆಯಿಂದ ಅದು ಕರಗುವುದಿಲ್ಲ, ಸೀಳುವುದೂ ಇಲ್ಲ. ಬಣ್ಣ ಮಾತ್ರ ಕೆಡಬಹುದು. ನಿಕೋಟಿನ್ ಗಾಳಿಗೆ ಕಂದಾಗುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಅಕ್ರಿಲಿಕ್ಕಿಗೆ ಕಲೆ ಹತ್ತಿದ್ದು ಕಂಡಿದೆ, ಸಿಗರೇಟಿನ ಹೊಗೆಯಷ್ಟಲ್ಲ. ಬಣ್ಣದ ಮಾತೇ ಆದರೆ ನಮ್ಮ ಸಾಂಗ್ಲಿಯ ಅರಿಷಿಣವೂ ಸೆಟ್ಟಿಗೆ ಹಳದಿ ಹತ್ತಿಸುತ್ತದೆ. ಅದಕ್ಕಾಗಿ ಸಾರು ಬಿಡಿ ಎಂದು ನಾನು ಹೇಳಲಾರೆ! ಸೆಟ್ಟನ್ನು ನಿಜವಾಗಿ ಕೆಡಿಸುವುದು ಮಿಶ್ರಿ ಹಚ್ಚಿ ತಿಕ್ಕುವುದು ಮತ್ತು ಕುದಿಯುವ ನೀರಿನಲ್ಲಿ ಅದ್ದುವುದು. ಮಿಶ್ರಿಯಿಂದ ಗೀರು ಬೀಳುತ್ತದೆ, ಬಿಸಿ ನೀರಿಗೆ ಸೆಟ್ ಸೊಟ್ಟಗಾಗುತ್ತದೆ. ಮೆತ್ತನೆಯ ಬ್ರಶ್ಶು, ಸ್ವಲ್ಪ ಸೋಪು, ತಣ್ಣೀರು ಇದ್ದರೆ ಸಾಕು. ರಾತ್ರಿ ತೆಗೆದು ನೀರಿನಲ್ಲಿಡಬೇಕು.

ನನಗೆ ಚಿಂತೆ ಸೆಟ್ಟಿನದಲ್ಲ, ಅದರ ಕೆಳಗಿನ ವಸಡಿನದು. ಈ ಹಬೆ ಬಾಯಿ ಒಣಗಿಸುತ್ತದೆ. ಮೇಲಿನ ಸೆಟ್ ಅಂಗುಳಕ್ಕೆ ಅಂಟಿ ನಿಲ್ಲುವುದು ಜೊಲ್ಲಿನಿಂದ. ಜೊಲ್ಲು ಕಡಿಮೆಯಾದರೆ ಸೆಟ್ ಅಲುಗಿ ವಸಡನ್ನು ಉಜ್ಜುತ್ತದೆ, ಬೂಷ್ಟಿನ ಜಾತಿಯ ರೋಗಾಣು ಬೆಳೆದು ಅಂಗುಳ ಕೆಂಪಾಗಿ ಉರಿಯುತ್ತದೆ. ನಿಪ್ಪಾಣಿ ಕಡೆ ಹಸಿ ತಂಬಾಕಿನ ಹೊಲದಲ್ಲಿ ದುಡಿದವರಿಗೆ ತಲೆಸುತ್ತು, ವಾಂತಿಯ ಅನುಭವ ಇದ್ದೀತು. ಅದೇ ನಿಕೋಟಿನ್ ಇ-ಸಿಗರೇಟಿನ ರಸದಲ್ಲೂ ಸಾಮಾನ್ಯವಾಗಿ ಇರುತ್ತದೆ. ಅಂದರೆ ಚಟ ಹೋಗಲಿಲ್ಲ, ಕೊಳವೆ ಮಾತ್ರ ಬದಲಾಯಿತು.

ಇನ್ನೊಂದು ಮಾತನ್ನು ದಯವಿಟ್ಟು ಮನೆಯವರೆಲ್ಲ ಕೇಳಿ. ವರ್ಷಗಟ್ಟಲೆ ಬೀಡಿ, ತಂಬಾಕು, ಮಿಶ್ರಿ ಬಳಸಿದವರ ಬಾಯಲ್ಲಿ ಹುಣ್ಣಾದರೆ "ಸೆಟ್ ಉಜ್ಜಿರಬೇಕು" ಎಂದು ಸುಮ್ಮನಿರಬೇಡಿ. ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕ್ಯಾನ್ಸರಿನ ಮೊದಲ ಗುರುತಾಗಿರಬಹುದು. ನೋವಿಲ್ಲವೆಂದು ಬಿಡಬಾರದು, ಆರಂಭದಲ್ಲಿ ಅದು ನೋಯದೆಯೂ ಇರಬಹುದು. ಸಾಂಗ್ಲಿಯಲ್ಲಿ ದಂತ ವೈದ್ಯಕೀಯ ಕಾಲೇಜಿದೆ, ಮಿರಜದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. ಕಬ್ಬು ಕಡಿಯುವುದು ಮುಗಿಯಲಿ ಎಂದು ಕಾಯಬೇಡಿ.

ಅಂದಹಾಗೆ, ಇ-ಸಿಗರೇಟು ಮಾರುವುದು, ತರಿಸುವುದು, ದಾಸ್ತಾನು ಮಾಡುವುದು 2019ರಿಂದ ದೇಶದಲ್ಲೆಲ್ಲ ನಿಷಿದ್ಧ. ಕದ್ದು ಮಾರುವ ಮಾಲಿನಲ್ಲಿ ಏನು ಬೆರೆಸಿದ್ದಾರೋ ಯಾರು ನೋಡಿದ್ದಾರೆ?

ಮೊಮ್ಮಗನ ಅಕ್ಕರೆಯನ್ನು ನಾನು ಹಳಿಯುವುದಿಲ್ಲ. ಅವನು ಅಜ್ಜನ ಪಕ್ಕ ಕುಳಿತು ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800-112-356ಕ್ಕೆ ಫೋನ್ ಹಚ್ಚಿಕೊಟ್ಟರೆ ಹೆಚ್ಚು ಉಪಕಾರ. ಅಜ್ಜಾರು ಕೊಳವೆಯನ್ನು ಹಿಂದಿರುಗಿಸಿದ್ದಾರೆ. ಬೀಡಿ ದಿನಕ್ಕೆ ನಾಲ್ಕಕ್ಕೆ ಇಳಿದಿದೆಯಂತೆ. ಬರುವ ವಾರ ಬಾಯಿ ತೋರಿಸಲು ಮಿರಜಕ್ಕೆ ಬರುತ್ತಾರೆ.