ಗುಮಾಸ್ತನೇ ಯಜಮಾನನಾದರೆ?

ಹಣ ಕಟ್ಟಲು ಮರೆತವನ ಹೆಸರು ಹೋಯಿತು. ಅದರಲ್ಲಿ ಅನ್ಯಾಯವೇನು ಬಂತು?—ಹೀಗೆ ಕೇಳುವ ಬುದ್ಧಿವಂತರು ಈಚೆಗೆ ಹೆಚ್ಚಾಗಿದ್ದಾರೆ. ಅಂತರ್ಜಾಲದಲ್ಲಿ ಒಂದು ವಿಳಾಸವನ್ನು, ಅಂದರೆ ಡೊಮೇನ್ ಹೆಸರನ್ನು, ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಪಡೆಯುತ್ತೇವೆ. ಅವಧಿ ತೀರುವುದರೊಳಗೆ ಮತ್ತೆ ಕಟ್ಟಬೇಕು. ಕಟ್ಟದಿದ್ದರೆ ಹೆಸರು ಕೈತಪ್ಪುತ್ತದೆ. ಇಷ್ಟು ಸರಿಯೆ. ಆದರೆ ತಪ್ಪಿದ ಹೆಸರು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಈ ಮಹನೀಯರು ವಿಚಾರಿಸಿದಂತಿಲ್ಲ.

ರಿಜಿಸ್ಟ್ರಾರ್ ಎಂಬ ಮಾತು ನಮಗೆ ಹೊಸದಲ್ಲ. ಸೈಟು ಕೊಂಡವರೆಲ್ಲರೂ ಸಬ್-ರಿಜಿಸ್ಟ್ರಾರರ ಕಚೇರಿಯ ಬೆಂಚಿನ ಮೇಲೆ ಕಾದು ಕೂತವರೇ. ಅಲ್ಲಿ ಪತ್ರ ದಾಖಲು ಮಾಡಿಕೊಳ್ಳುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಮೊಹರು ಹಾಕುತ್ತಾರೆ. ಕಂದಾಯ ಒಂದು ವರ್ಷ ಬಾಕಿಯಾಯಿತೆಂದು ಆ ಅಧಿಕಾರಿಯೇ ನಿಮ್ಮ ಸೈಟಿಗೆ ತಂತಿ ಬಿಗಿಸಿ, ಹರಾಜು ಕೂಗಿ, ಬಂದ ಹಣವನ್ನು ತಮ್ಮ ಜೇಬಿಗೆ ಇಳಿಸಿದರೆ ಊರು ಸುಮ್ಮನಿದ್ದೀತೆ? ಅಂತರ್ಜಾಲದ ರಿಜಿಸ್ಟ್ರಾರುಗಳಲ್ಲಿ ಹಲವರು ಮಾಡುತ್ತಿರುವುದು ಇದನ್ನೇ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ನಿಯಮವಿಲ್ಲವೆಂದಲ್ಲ. ಈ ಹೆಸರುಗಳ ಲೋಕವನ್ನು ನೋಡಿಕೊಳ್ಳಲೆಂದು ೧೯೯೮ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಐಕ್ಯಾನ್ ಸಂಸ್ಥೆ ೨೦೧೩ರಲ್ಲಿ ಜಾರಿಗೆ ತಂದ ನಿಯಮದಂತೆ, ಡಾಟ್ ಕಾಮ್ ಮುಂತಾದ ಹೆಸರುಗಳ ಅವಧಿ ತೀರುವ ಸುಮಾರು ಒಂದು ತಿಂಗಳು ಮುಂಚೆ ಒಮ್ಮೆ, ವಾರ ಮುಂಚೆ ಇನ್ನೊಮ್ಮೆ, ತೀರಿದ ಐದು ದಿನಗಳೊಳಗೆ ಮತ್ತೊಮ್ಮೆ ಸೂಚನೆ ಕೊಡಬೇಕು. ಹೆಸರನ್ನು ಪಟ್ಟಿಯಿಂದ ತೆಗೆದ ಮೇಲೂ ೩೦ ದಿನಗಳವರೆಗೆ ಮೊದಲಿನವನೇ ದಂಡ ತೆತ್ತು ಬಿಡಿಸಿಕೊಳ್ಳಬಹುದು. ಅದೂ ಕಳೆದು ಇನ್ನೈದು ದಿನವಾದರೆ ಹೆಸರು ಬಯಲಿಗೆ ಬರುತ್ತದೆ. ಮೊದಲು ಬಂದವನಿಗೆ ದಕ್ಕುತ್ತದೆ. ಓದಿದರೆ ರಾಮರಾಜ್ಯವೇ ಸರಿ. ಆದರೆ ಆ ೩೦ ದಿನಗಳ ಎಣಿಕೆ ಆರಂಭವಾಗುವುದು ರಿಜಿಸ್ಟ್ರಾರ್ ಹೆಸರನ್ನು ತೆಗೆದುಹಾಕಿದ ದಿನದಿಂದ. ತೆಗೆದುಹಾಕದೆಯೇ ಇದ್ದರೆ? ಅವಧಿ ತೀರಿದ ೪೫ ದಿನಗಳವರೆಗೆ ಹೆಸರು ಅವನ ಮುಷ್ಟಿಯಲ್ಲಿ ಉಳಿಯಬಹುದು. ಅಷ್ಟರಲ್ಲಿ ಹರಾಜು ನಡೆಸಿ, ಗೆದ್ದವನ ಹೆಸರಿಗೆ ಖಾತೆ ಬದಲಾಯಿಸಿಬಿಟ್ಟರೆ ತೆಗೆದುಹಾಕಿದಂತೆ ಆಗಲೇ ಇಲ್ಲ. ೩೦ ದಿನಗಳ ಪ್ರಶ್ನೆಯೇ ಏಳುವುದಿಲ್ಲ. ಇದಕ್ಕೆ ನಿಮ್ಮ ಒಪ್ಪಿಗೆ ಉಂಟೆ ಎಂದರೆ, ಉಂಟು. ಹೆಸರು ಪಡೆದ ದಿನ, ಯಾರೂ ಓದದ ಆ ಉದ್ದನೆಯ ಕರಾರಿನ ಕೆಳಗೆ 'ಒಪ್ಪಿದೆ' ಎಂದು ಒತ್ತಿದಿರಲ್ಲ, ಅದೇ.

ನಾನು ಬಲ್ಲ ಒಂದು ಸಣ್ಣ ಸಾಹಿತ್ಯ ಪತ್ರಿಕೆಯ ಸ್ಥಿತಿ ಹೇಳುತ್ತೇನೆ. ಕಾಗದದ ಬೆಲೆ ತಾಳಲಾರದೆ ಅಚ್ಚು ನಿಲ್ಲಿಸಿ, ಹನ್ನೊಂದು ವರ್ಷ ಅದು ಜಾಲದಲ್ಲೇ ಹೊರಬಂತು. ವಿಳಾಸವನ್ನು ಮಾಡಿಕೊಟ್ಟವನು ಸಂಪಾದಕರ ಶಿಷ್ಯ. ಅವನು ಕೆಲಸ ಸಿಕ್ಕಿ ಪುಣೆಗೆ ಹೋದ. ಸೂಚನೆಗಳೆಲ್ಲ ಅವನು ಬಿಟ್ಟುಹೋದ ಹಳೆಯ ಇ-ಮೇಲಿಗೆ ಹೋಗಿ ಬಿದ್ದವು. ಪತ್ರಿಕೆ ಕಾಣದಾದಾಗ, ಯಂತ್ರದ ಏನೋ ತೊಂದರೆ ಇರಬೇಕೆಂದು ಸಂಪಾದಕರು ಕೆಲವು ವಾರ ಕಾದರು. ಕೊನೆಗೆ ಬಾಕಿ ಕಟ್ಟಲು ಹೋದರೆ, ವರ್ಷಕ್ಕೆ ಸಾವಿರ ರೂಪಾಯಿಯೊಳಗಿದ್ದ ಹೆಸರು ಹರಾಜಿನಲ್ಲಿದೆ ಎಂಬ ಉತ್ತರ ಬಂತು. ಬೇಕಾದರೆ ತಾವೂ ಕೂಗಬಹುದು ಎಂಬ ಉಪಕಾರದ ಮಾತು ಬೇರೆ! ಪಿಂಚಣಿಯ ಹಣದಲ್ಲಿ ಪತ್ರಿಕೆ ನಡೆಸಿದ ಮುದುಕರು ತಮ್ಮ ಪತ್ರಿಕೆಯನ್ನು ತಾವೇ ಸವಾಲಿನಲ್ಲಿ ಕೂಗಿ ಕೊಳ್ಳುವುದೆ? ಇಂದು ಆ ವಿಳಾಸದಲ್ಲಿ ಇಸ್ಪೀಟಾಟದ ಜಾಹೀರಾತು. ಲೇಖನಗಳ ಪ್ರತಿ ಶಿಷ್ಯನ ಬಳಿ ಉಳಿದಿದೆ, ನಿಜ. ಆದರೆ ಎಷ್ಟೋ ಪುಸ್ತಕಗಳ, ಪಿಎಚ್.ಡಿ. ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ ಅಚ್ಚಾಗಿಹೋದ ಆ ವಿಳಾಸವನ್ನು ತಿದ್ದುವವರು ಯಾರು? ಕವಿತೆಯೊಂದನ್ನು ಹುಡುಕಿ ಹೋದ ನನ್ನ ವಿದ್ಯಾರ್ಥಿನಿಯನ್ನು ರಮ್ಮಿ ಆಡಲು ಕರೆದರು. ಹರಾಜಿನಲ್ಲಿ ಮಾರಿದ್ದು ಹನ್ನೊಂದು ವರ್ಷ ಕೂಡಿಸಿದ ಓದುಗರನ್ನು. ಬರಿಯ ಹತ್ತು ಅಕ್ಷರಗಳಿಗೆ ಯಾರು ತಾನೇ ಅಷ್ಟು ಬೆಲೆ ಕೊಡುತ್ತಿದ್ದರು?

ರಿಜಿಸ್ಟ್ರಾರ್ ಕೈಯಿಂದ ಹಣ ಹಾಕಿ ಹೆಸರನ್ನು ಉಳಿಸಿಕೊಂಡಿರುತ್ತಾನೆ, ಅವನ ಖರ್ಚು ಹುಟ್ಟಬೇಡವೆ ಎಂಬ ವಾದವುಂಟು. ಡಾಟ್ ಕಾಮ್ ಪಟ್ಟಿಯನ್ನಿಟ್ಟಿರುವ ವೆರಿಸೈನ್ ಸಂಸ್ಥೆ ರಿಜಿಸ್ಟ್ರಾರುಗಳಿಂದ ಪಡೆಯುವ ವಾರ್ಷಿಕ ಶುಲ್ಕ ೨೦೨೪ರ ಸೆಪ್ಟೆಂಬರಿನಲ್ಲಿ ಏರಿ ನಿಂತದ್ದು ೧೦ ಡಾಲರ್ ೨೬ ಸೆಂಟಿಗೆ. ಅವಧಿ ತೀರಿದೊಡನೆ ಆ ಶುಲ್ಕ ರಿಜಿಸ್ಟ್ರಾರನ ಲೆಕ್ಕಕ್ಕೆ ಬೀಳುವುದು ನಿಜ. ೪೫ ದಿನಗಳೊಳಗೆ ಹೆಸರನ್ನು ತೆಗೆದುಹಾಕಿದರೆ ಅದು ವಾಪಸು ಬರುವುದೂ ಅಷ್ಟೇ ನಿಜ. ಎರಡನೆಯ ನಿಜವನ್ನು ಮಾತ್ರ ವಾದಿಗಳು ನುಂಗಿಕೊಳ್ಳುತ್ತಾರೆ.

ಐಕ್ಯಾನ್‌ಗೆ ಇದು ತಿಳಿಯದೆ? ಚೆನ್ನಾಗಿ ತಿಳಿದಿದೆ. ರಿಜಿಸ್ಟ್ರಾರುಗಳೊಡನೆ ಮಾಡಿಕೊಂಡ ೨೦೦೧ರ ಒಪ್ಪಂದದಲ್ಲೂ ೨೦೧೩ರದರಲ್ಲೂ ಒಂದು ಸೊಗಸಾದ ಷರತ್ತಿದೆ: ಹೆಸರುಗಳ ದಾಸ್ತಾನನ್ನೂ ಸಟ್ಟಾ ವ್ಯಾಪಾರವನ್ನೂ ತಡೆಯುವ ನೀತಿಯನ್ನು ಐಕ್ಯಾನ್ ಮಾಡಿದರೆ, ರಿಜಿಸ್ಟ್ರಾರ್ ಅದಕ್ಕೆ ತಲೆಬಾಗಬೇಕು. ಆ ನೀತಿಯನ್ನು ಮಾತ್ರ ಮಾಡಿಲ್ಲ. ಲಗ್ನಪತ್ರಿಕೆ ಅಚ್ಚಾಗಿದೆ, ಹೆಣ್ಣನ್ನು ಇನ್ನೂ ನೋಡಿಲ್ಲ.

ಇನ್ನು, ಈ ಹೆಸರು ಆಸ್ತಿಯೆ, ಅಲ್ಲವೆ? ೨೦೦೦ದಲ್ಲಿ ಅಮೆರಿಕದ ವರ್ಜೀನಿಯ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಉಂಬ್ರೊ ಮೊಕದ್ದಮೆ ಬಂದಾಗ, ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ರಿಜಿಸ್ಟ್ರಾರ್ ಸಂಸ್ಥೆ, ಹೆಸರೆಂಬುದು ಸೇವೆಯ ಕರಾರಿನಿಂದ ಹುಟ್ಟಿದ್ದು, ಜಪ್ತಿ ಮಾಡತಕ್ಕ ಆಸ್ತಿಯಲ್ಲ ಎಂದು ವಾದಿಸಿ ಗೆದ್ದಿತು. ಸಾಲ ಕೊಟ್ಟವನು ಕೇಳಿದಾಗ ಆಸ್ತಿಯಲ್ಲದ ವಸ್ತು, ಈ ವರ್ಗದವರೇ ಸವಾಲು ಕೂಗುವಾಗ ಆಸ್ತಿಯಾಗುವ ಚಮತ್ಕಾರವನ್ನು ನೋಡಿ! ನಮ್ಮ ಸುಪ್ರೀಂ ಕೋರ್ಟು ೨೦೦೪ರಲ್ಲಿ ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ—ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಹೂಡಿದ ದಾವೆ ಅದು—ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯವಹಾರದ ಗುರುತು, ಟ್ರೇಡ್‌ಮಾರ್ಕಿನಂತೆ ರಕ್ಷಣೆಗೆ ಅರ್ಹ ಎಂದಿತು. ಅಲ್ಲಿ ಜಗಳವಿದ್ದದ್ದು ಇಬ್ಬರು ವ್ಯವಹಾರಸ್ಥರ ನಡುವೆ. ಆದರೆ ಪರರ ಗುರುತನ್ನು ಎದುರಾಳಿ ಬಳಸಬಾರದಾದರೆ, ಅದನ್ನು ಕಾಯಲು ಸಂಬಳ ಪಡೆದವನು ಮಾರಬಹುದೆ?

ಗಿರವಿ ಅಂಗಡಿಯವನನ್ನು ನಾವು ಹೊಗಳುವುದಿಲ್ಲ. ಆದರೂ ೧೮೭೨ರ ಕರಾರು ಕಾಯಿದೆಯ ೧೭೬ನೆಯ ಕಲಮಿನಂತೆ ಅವನು ಒಡವೆಯನ್ನು ಮಾರುವ ಮುಂಚೆ ತಕ್ಕ ನೋಟೀಸು ಕೊಡಬೇಕು. ಬಾಕಿ ಕಳೆದು ಮಿಕ್ಕದ್ದನ್ನು ಒಡವೆಯವನಿಗೆ ಹಿಂತಿರುಗಿಸಬೇಕು. ರಿಜಿಸ್ಟ್ರಾರನಿಂದ ನಾವು ಕೇಳುವುದು ಇದಕ್ಕಿಂತ ಹೆಚ್ಚಿನದೇನಲ್ಲ: ೩೦ ದಿನಗಳ ಬಿಡುಗಡೆಯ ಅವಕಾಶ ಮುಗಿಯುವ ಮುನ್ನ ಹರಾಜು ಕೂಡದು, ಹರಾಜಾದರೆ ಮಿಕ್ಕ ಹಣ ಹೆಸರಿನವನದು. ಐಕ್ಯಾನ್ ಯಾವಾಗ ಎಚ್ಚೆತ್ತುಕೊಳ್ಳುವುದೋ ನೋಡೋಣ. ಆದರೆ ಡಾಟ್ ಇನ್ ಹೆಸರುಗಳ ಹೊಣೆ ನಮ್ಮದೇ ದೇಶದ ನಿಕ್ಸಿ ಸಂಸ್ಥೆಯ ಮೇಲಿದೆ. ಅದರ ನಿಯಮಾವಳಿಯಲ್ಲಿ ಈ ಎರಡು ವಾಕ್ಯಗಳನ್ನು ಬರೆಯಲು ಅಮೆರಿಕದಲ್ಲಿ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.