ನಾಲ್ಕು ಕರಿ ಗೆರೆ

ಕಳೆದ ವಾರ ಮೊಮ್ಮಗಳೊಂದಿಗೆ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯ ನವಿಲುಧಾಮಕ್ಕೆ ಹೋಗಿದ್ದೆ. ಮನೆಗೆ ಬಂದು ಅವಳು ಚಿತ್ರ ಬರೆದಳು: ಕೋಟೆ, ನವಿಲು, ಆಕಾಶದಲ್ಲಿ ನಾಲ್ಕು ಕರಿ ಗೆರೆ.

“ಇದೇನವ್ವಾ?”

“ಕರೆಂಟಿನ ತಂತಿ, ಅಜ್ಜಾ. ದಾರಿಯುದ್ದಕ್ಕೂ ಇದ್ದವಲ್ಲ!”

ಕಂದೀಲಿನಲ್ಲಿ ಓದಿದ ನನಗೆ ತಂತಿ ಅಂದರೆ ಬೆಳಕು. ಗೆರೆಯಾಗಿ ಕಂಡಿರಲೇ ಇಲ್ಲ.

ಮಕ್ಕಳೇ, ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಗುಡ್ಡಗಳ ಅಂದ ಉಳಿಸಲು 2022ರಲ್ಲಿ 22 ವಿದ್ಯುತ್ ಗೋಪುರ ಕಿತ್ತರು. ತಂತಿ ನೆಲದೊಳಗೆ ಹೋಯಿತು. ಖರ್ಚು ಮಾತ್ರ ಹಲವು ಪಟ್ಟು. ಬ್ಯಾಂಕಿನವನ ಲೆಕ್ಕ ಹೇಳುತ್ತೇನೆ: ಮೊದಲು ಹೊಲದ ಪಂಪಿಗೆ ಕರೆಂಟು. ಆಮೇಲೆ ಬಂಕಾಪುರದ ಕೋಟೆ, ಹಾನಗಲ್ಲಿನ ತಾರಕೇಶ್ವರ ಗುಡಿಯಂಥ ಕಡೆಯಾದರೂ ತಂತಿ ಹೂಳೋಣ. ಸವಣೂರಿನ ದೊಡ್ಡಹುಣಸೆ ಮರಗಳ ಬಳಿ ಬೇರು ಕಡಿಯದಂತೆ ದೂರ ಅಗೆಯೋಣ.

ಮೊಮ್ಮಗಳು ರಬ್ಬರ್ ಹಿಡಿದಳು. “ಈಗಲೇ ಅಳಿಸಲಾ, ಅಜ್ಜಾ?”

“ಬೇಡವ್ವಾ. ಸದ್ಯಕ್ಕೆ ಇದ್ದದ್ದು ಇದ್ದಂಗ ಇರಲಿ.”